ಗುಗ್ಗುಳದ ಗಿಡ

ಕಳೆದ ಶ್ರಾವಣದಲ್ಲಿ ಹತ್ತನೆಯ ತರಗತಿಗೆ ಪಾಠ ಹೇಳುತ್ತಿದ್ದಾಗ 'ಗುಗ್ಗುಳ' ಎಂಬ ಮಾತು ಬಂತು. ಅರ್ಥವೇನೆಂದು ಕೇಳಿದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಧೂಪ ಸಾರ್" ಎಂದಳು. "ಎಲ್ಲಿಂದ ಬರುತ್ತದೆ?" ಎಂದೆ. "ಗ್ರಂಧಿಗೆ ಅಂಗಡಿಯಿಂದ" ಎಂದಳು. ತರಗತಿಯೆಲ್ಲ ನಕ್ಕಿತು. "ಅಂಗಡಿಗೆ ಎಲ್ಲಿಂದ ಬರುತ್ತದೆಯಮ್ಮ?" ಎಂದಾಗ ಎಲ್ಲರೂ ಸುಮ್ಮನಾದರು. ಹಿಂದಿನ ಸಾಲಿನಿಂದ ಹುಡುಗನೊಬ್ಬ ಎದ್ದು, "ಸಾರ್, ನೀವು ಆ ಗಿಡ ನೋಡಿದ್ದೀರಾ?" ಎಂದು ಕೇಳಿದ.

ನಾನು ನೋಡಿರಲಿಲ್ಲ. ಪಂಡಿತ ಪರೀಕ್ಷೆಗೆ ಓದುವಾಗ ಅಮರಕೋಶದ ವನೌಷಧಿವರ್ಗವನ್ನು ಬಾಯಿಪಾಠ ಮಾಡಿದವನು ನಾನು. ಗುಗ್ಗುಳಕ್ಕೆ ಕುಂಭ, ಉಲೂಖಲಕ, ಕೌಶಿಕ, ಪುರ ಎಂಬ ಪರ್ಯಾಯನಾಮಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಆದರೆ ಇಷ್ಟು ಹೆಸರುಗಳನ್ನು ಹೊತ್ತ ಗಿಡ ಎಷ್ಟೆತ್ತರ, ಅದರ ಎಲೆ ಹೇಗೆ, ಹೂ ಯಾವ ಬಣ್ಣ ಎಂದರೆ ನನಗೂ ತಿಳಿಯದು. ಹೆಸರು ಬಲ್ಲವನು ವಸ್ತುವನ್ನು ಬಲ್ಲನೆಂದು ಹೇಳಲಾಗದು. ಅಂದಿನಿಂದ ಅಲ್ಲಲ್ಲಿ ಓದಿ, ನಮ್ಮ ಶಾಲೆಯ ಜೀವಶಾಸ್ತ್ರದ ಉಪಾಧ್ಯಾಯರನ್ನು ಕಾಡಿ ತಿಳಿದುಕೊಂಡದ್ದನ್ನು ವಾಚಕರ ಮುಂದೆ ಇಡುತ್ತಿದ್ದೇನೆ. ಆ ಹುಡುಗನ ಪ್ರಶ್ನೆಗೆ ಇದು ತಡವಾಗಿ ಬಂದ ಉತ್ತರವೆಂದು ತಿಳಿಯಿರಿ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ನಮ್ಮ ಮನೆಗಳಲ್ಲಿ ಕೆಂಡದ ಮೇಲೆ ಹಾಕುವ ಪರಿಮಳದ ಅಂಟುಗಳೆಲ್ಲ ಒಂದೇ ಅಲ್ಲ. ಸಾಂಬ್ರಾಣಿಯದು ಬೇರೆ ಮರ, ರಾಳದ್ದು ಬೇರೆ ಮರ. ಬಾಣಂತಿಯ ಮದ್ದಿನ ಪಟ್ಟಿಯಲ್ಲಿ ಬರುವ ಹೀರಾಬೋಳ ಮಾತ್ರ ಗುಗ್ಗುಳಕ್ಕೆ ಹತ್ತಿರದ ನೆಂಟ. ಅದು ಅರಬಸ್ಥಾನ, ಆಫ್ರಿಕಗಳ ಕಡೆಯದು. ಗುಗ್ಗುಳದ ಗಿಡ ನಮ್ಮ ದೇಶದ ವಾಯವ್ಯದ್ದು. ರಾಜಸ್ಥಾನದ ಮರುಭೂಮಿ, ಗುಜರಾತಿನ ಕಚ್ಛ ಮತ್ತು ಸೌರಾಷ್ಟ್ರ, ಗಡಿಯಾಚೆಯ ಸಿಂಧ್ ಮತ್ತು ಬಲೂಚಿಸ್ತಾನ ಇದರ ತವರು. ಸಸ್ಯಶಾಸ್ತ್ರಜ್ಞರು ಇದನ್ನು 'ಕಾಮಿಫೋರಾ ವೈಟಿಯೈ' ಎಂದು ಕರೆಯುತ್ತಾರೆ. ಕಂಪೆನಿ ಸರ್ಕಾರದ ಕಾಲದಲ್ಲಿ ಮದರಾಸಿನಲ್ಲಿ ವೈದ್ಯರಾಗಿದ್ದು ದಕ್ಷಿಣದ ಸಸ್ಯಗಳನ್ನು ಆಜನ್ಮ ಅಭ್ಯಾಸಮಾಡಿದ ರಾಬರ್ಟ್ ವೈಟ್ ಎಂಬುವರ ಹೆಸರು ಅದರಲ್ಲಿ ಉಳಿದಿದೆ.

ಗಿಡದ ರೂಪವನ್ನು ಕೇಳಿದರೆ ನಿಮಗೆ ನಿರಾಶೆಯಾದೀತು. ದೇವರ ಮನೆಯ ಕಂಪಿಗೂ ಅದಕ್ಕೂ ಹೊಂದಿಕೆಯೇ ಇಲ್ಲ. ಆಳೆತ್ತರ, ಹೆಚ್ಚೆಂದರೆ ಎರಡಾಳೆತ್ತರದ ಪೊದೆ. ಕೊಂಬೆಗಳು ಗಂಟುಗಂಟಾಗಿ ಸೊಟ್ಟಗೆ ಹರಡಿಕೊಂಡು ತುದಿಯಲ್ಲಿ ಮುಳ್ಳಾಗುತ್ತವೆ. ತೊಗಟೆ ತೆಳುಕಾಗದದಂತೆ ಸುಲಿದು ಜೋಲುತ್ತದೆ. ಮಳೆ ಬಿದ್ದಾಗ ಚಿಕ್ಕಚಿಕ್ಕ ಎಲೆ ಚಿಗುರಿ, ಮಳೆ ಹೋದ ಮೇಲೆ ಉದುರಿಹೋಗುತ್ತವೆ. ವರ್ಷದ ಬಹುಭಾಗ ಅದು ಎಲೆಯಿಲ್ಲದೆ, ಸತ್ತಿದೆಯೋ ಬದುಕಿದೆಯೋ ಎಂದು ಅನುಮಾನ ಬರುವಂತೆ ಕಲ್ಲುನೆಲದಲ್ಲಿ ನಿಂತಿರುತ್ತದೆ. ಹೂ ಕೆಂಪು ಛಾಯೆಯ ಚಿಕ್ಕ ಹೂ, ಯಾರೂ ಮುಡಿಯುವಂಥದಲ್ಲ. ನೀರನ್ನು ಜಿಪುಣನ ಹಣದಂತೆ ಎಣಿಸಿ ಖರ್ಚುಮಾಡಿ ಬದುಕುವ ಗಿಡ ಇದು. ಆದಕಾರಣ ಬೆಳೆವಣಿಗೆ ಬಹಳ ನಿಧಾನ. ಅಂಟು ಕೊಡುವಷ್ಟು ಬಲಿಯಲು ಸುಮಾರು ಎಂಟು ಹತ್ತು ವರ್ಷ ಬೇಕು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಟ್ಟಿರಿ. ಮುಂದಿನ ಕಥೆಯೆಲ್ಲ ಇದರ ಮೇಲೆ ನಿಂತಿದೆ.

ಇನ್ನು ಇತಿಹಾಸಕ್ಕೆ ಬರೋಣ. ಗುಗ್ಗುಳದ ಮಾತು ಅಥರ್ವವೇದದಷ್ಟು ಹಳೆಯದು. ಅದರ ಹತ್ತೊಂಬತ್ತನೆಯ ಕಾಂಡದ ಒಂದು ಸೂಕ್ತ ಈ ಮದ್ದನ್ನೇ ಕುರಿತದ್ದು. ಅಲ್ಲಿ ಇದರ ರೂಪ 'ಗುಲ್ಗುಲು'. ಲಕಾರ ಮುಂದಿನ ಗಕಾರದಲ್ಲಿ ಕರಗಿ 'ಗುಗ್ಗುಲು' ಆಯಿತು; ಕನ್ನಡದ ಬಾಯಿಗೆ ಬಂದು 'ಗುಗ್ಗುಳ', 'ಗುಗ್ಗಳ' ಎಂದಾಯಿತು. ಇದರ ಕಂಪು ತಾಗಿದವನನ್ನು ಯಕ್ಷ್ಮರೋಗ ಮುಟ್ಟದೆಂಬುದು ಆ ಸೂಕ್ತದ ನಂಬಿಕೆ. ನನಗೆ ವಿಶೇಷವಾಗಿ ಕಂಡದ್ದು ಇನ್ನೊಂದು ಸಂಗತಿ. ಸಿಂಧುದೇಶದಿಂದ ಬಂದದ್ದು, ಸಮುದ್ರದ ಕಡೆಯಿಂದ ಬಂದದ್ದು ಎಂದು ಎರಡು ಬಗೆಯ ಗುಗ್ಗುಳವನ್ನು ಅಲ್ಲಿ ಹೆಸರಿಸಿದೆ. ಆ ಕಾಲಕ್ಕೇ ಇದು ಹಿತ್ತಿಲಿನ ಗಿಡವಾಗಿರದೆ ದೂರದಿಂದ ಬರುವ ಸರಕಾಗಿತ್ತೆಂದು ಇದರಿಂದ ಊಹಿಸಬಹುದು.

ಸಮುದ್ರದ ಆಚೆಯವರ ಸಾಕ್ಷಿಯೂ ಉಂಟು. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಈಜಿಪ್ಟಿನ ಕಡೆಯ ಗ್ರೀಕ್ ವರ್ತಕನೊಬ್ಬ ಕೆಂಪುಸಮುದ್ರದಿಂದ ಭಾರತದವರೆಗಿನ ರೇವುಗಳನ್ನೂ ಸರಕುಗಳನ್ನೂ ಪಟ್ಟಿಮಾಡಿ 'ಪೆರಿಪ್ಲಸ್' ಎಂಬ ಕೈಪಿಡಿ ಬರೆದ. ಅವನ ಹೆಸರು ಉಳಿದಿಲ್ಲ; ಲೆಕ್ಕ ಉಳಿದಿದೆ. ಸಿಂಧೂನದಿಯ ಮುಖದಲ್ಲಿದ್ದ ಬಾರ್ಬರಿಕಂ ರೇವಿನಿಂದಲೂ ಬರುಗಾಜದಿಂದಲೂ, ಎಂದರೆ ಇಂದಿನ ಭರೂಚಿನಿಂದಲೂ, ಹಡಗಿಗೆ ಏರುತ್ತಿದ್ದ ವಸ್ತುಗಳಲ್ಲಿ ಅವನು 'ಬ್ಡೆಲ್ಲ' ಎಂಬುದನ್ನು ಸೇರಿಸಿದ್ದಾನೆ. ಪಾಶ್ಚಾತ್ಯರು 'ಬ್ಡೆಲಿಯಂ' ಎಂದು ಕರೆಯುವ ಈ ಅಂಟಿನಲ್ಲಿ ಆಫ್ರಿಕದ ಸೋದರ ಗಿಡಗಳದೂ ಸೇರಿದೆಯಾದರೂ, ಸಿಂಧೂ ಮುಖದಿಂದ ಹೊರಟದ್ದು ನಮ್ಮ ಗುಗ್ಗುಳವೇ ಎಂದು ವಿದ್ವಾಂಸರು ಭಾವಿಸುತ್ತಾರೆ. ಅದೇ ಶತಮಾನದ ರೋಮಿನ ಪ್ಲಿನಿ ತನ್ನ ದೊಡ್ಡ ಗ್ರಂಥದಲ್ಲಿ ಬ್ಡೆಲಿಯಂ ವಿಷಯ ಬರೆಯುತ್ತ, ಅದರಲ್ಲಿ ನಡೆಯುವ ಕಲಬೆರಕೆಯನ್ನೂ ಹೇಳಿದ್ದಾನೆ. ನೋಡಿದಿರಾ, ಬೆಲೆಯುಳ್ಳ ಸರಕಿಗೆ ಕಲಬೆರಕೆಯ ಕಾಟ ಇಂದು ನಿನ್ನೆಯದಲ್ಲ!

ನಮ್ಮ ವೈದ್ಯರು ಇದನ್ನು ಹೇಗೆ ಬಳಸಿದರು? ಸುಶ್ರುತಸಂಹಿತೆಯಲ್ಲಿ ವಾತವ್ಯಾಧಿಗಳ ಚಿಕಿತ್ಸೆ ಹೇಳುವಾಗಲೂ, ಮೈಯಲ್ಲಿ ಕೊಬ್ಬು ಮಿತಿಮೀರಿ ಬೆಳೆಯುವ ಮೇದೋರೋಗದ ಸಂದರ್ಭದಲ್ಲೂ ಗುಗ್ಗುಳ ಬರುತ್ತದೆ. ಹೊಸ ಗುಗ್ಗುಳ ಮೈ ಬೆಳೆಸುತ್ತದೆ, ಹಳೆಯದು ಮೈ ಇಳಿಸುತ್ತದೆ ಎಂಬುದು ಅಲ್ಲಿಯ ಸೂಕ್ಷ್ಮ. ಒಂದೇ ಅಂಟು, ಅದರ ವಯಸ್ಸಿನ ಮೇಲೆ ಗುಣ. ಹದಿನಾರನೆಯ ಶತಮಾನದ ಭಾವಮಿಶ್ರನು ಮಹಿಷಾಕ್ಷ, ಮಹಾನೀಲ, ಕುಮುದ, ಪದ್ಮ, ಹಿರಣ್ಯ ಎಂದು ಬಣ್ಣದ ಮೇಲೆ ಐದು ಬಗೆ ಮಾಡಿದ. ಮೊದಲೆರಡು ಆನೆಗಳಿಗೆ, ನಡುವಿನೆರಡು ಕುದುರೆಗಳಿಗೆ, ಬಂಗಾರದ ಬಣ್ಣದ ಹಿರಣ್ಯವು ಮನುಷ್ಯರಿಗೆ ಎಂದು ಹಂಚಿದ. ಎಮ್ಮೆಯ ಕಣ್ಣಿನಂತೆ ಕಪ್ಪಾದ ಮಹಿಷಾಕ್ಷವೂ ಮನುಷ್ಯರಿಗೆ ಆಗುತ್ತದೆಂದು ಕೆಲವರ ಮತವೆಂಬುದನ್ನೂ ಸೇರಿಸಿದ. ತೆಲುಗು ನಾಡಿನ ಅಂಗಡಿಗಳಲ್ಲಿ ಇಂದಿಗೂ ಇದನ್ನು 'ಮೈಸಾಕ್ಷಿ' ಎಂದು ಕೇಳಿ ಕೊಳ್ಳುತ್ತಾರೆ. ಅದು ಈ ಮಹಿಷಾಕ್ಷದ ತದ್ಭವವೇ.

ಅಂಟನ್ನು ಹಾಗೆಯೇ ನುಂಗುವ ಪದ್ಧತಿ ಇರಲಿಲ್ಲ. ಬಟ್ಟೆಯಲ್ಲಿ ಗಂಟುಕಟ್ಟಿ, ತ್ರಿಫಲೆಯ ಕಷಾಯದಲ್ಲೋ ಹಾಲಿನಲ್ಲೋ ಅಮೃತಬಳ್ಳಿಯ ಕಷಾಯದಲ್ಲೋ ಇಳಿಬಿಟ್ಟು ಬೇಯಿಸಿ, ಕಸಕಡ್ಡಿ ಬಟ್ಟೆಯಲ್ಲಿ ಉಳಿದು ಸಾರ ಇಳಿದ ಮೇಲೆ ಅದನ್ನು ಗಟ್ಟಿಮಾಡಿ ಕುಟ್ಟುತ್ತಾರೆ. ಇದಕ್ಕೆ ಶೋಧನವೆಂದು ಹೆಸರು. ಅನಂತರವೇ ಬೇರೆ ಮೂಲಿಕೆಗಳೊಡನೆ ಸೇರಿ ಕೀಲುನೋವಿಗೆ ಯೋಗರಾಜ ಗುಗ್ಗುಳು, ಮುರಿದ ಮೂಳೆಗೆ ಲಾಕ್ಷಾದಿ ಗುಗ್ಗುಳು, ಗಂಟಲ ಗಡ್ಡೆಗಳಿಗೆ ಕಾಂಚನಾರ ಗುಗ್ಗುಳು ಎಂಬ ಗುಳಿಗೆಗಳಾಗುತ್ತವೆ. ಒಳ್ಳೆಯ ಗುಗ್ಗುಳವನ್ನು ಗುರುತಿಸುವ ಪರೀಕ್ಷೆಯೂ ಸರಳ: ಬೆಂಕಿಗೆ ಹಾಕಿದರೆ ಉರಿಯಬೇಕು, ಬಿಸಿಲಿಗೆ ಮೆತ್ತಗಾಗಬೇಕು, ಬೆಚ್ಚನೆಯ ನೀರಿನಲ್ಲಿ ಕದಡಿದರೆ ಹಾಲಿನಂತಾಗಬೇಕು. ಇದನ್ನು ಸೇವಿಸುವವನು ಹುಳಿ, ಖಾರ, ಮದ್ಯ, ಅತಿಶ್ರಮ, ಬಿಸಿಲುಗಳನ್ನು ಬಿಡಬೇಕೆಂದು ಭಾವಮಿಶ್ರನ ಪಥ್ಯ. ಆ ಪಟ್ಟಿಯಲ್ಲಿ ಕೋಪವೂ ಸೇರಿದೆ. ನಮ್ಮಂಥ ಉಪಾಧ್ಯಾಯರಿಗೆ ಎಲ್ಲಕ್ಕಿಂತ ಕಠಿನವಾದ ಪಥ್ಯ ಅದೇ ಇರಬೇಕು.

ಹಳೆಯ ವೈದ್ಯಗ್ರಂಥಗಳಲ್ಲಿ ಬರುವ ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು. ಈ ಗಿಡಗಳು ಹೆಚ್ಚಾಗಿ ಮರುಭೂಮಿಯಲ್ಲಿ ಹುಟ್ಟುತ್ತವೆ. ಬೇಸಗೆಯ ಸೂರ್ಯನ ತಾಪಕ್ಕೆ, ಇಲ್ಲವೆ ಹೇಮಂತದ ಕೊರೆತಕ್ಕೆ ಸಿಕ್ಕು ಅಂಟನ್ನು ಸುರಿಸುತ್ತವೆ ಎಂಬುದು ಅದರ ಭಾವ. ಬಿಸಿಲು ಚಳಿಗಳಿಗೆ ನೊಂದ ಗಿಡ ತನ್ನ ಗಾಯಕ್ಕೆ ತಾನೇ ಹಚ್ಚಿಕೊಂಡ ಮದ್ದು ಗುಗ್ಗುಳ. ಅದೇ ನಮ್ಮ ಗಾಯಕ್ಕೂ ಮದ್ದಾಯಿತು. ಶಬ್ದಶಾಸ್ತ್ರಜ್ಞರು ಈ ಹೆಸರಿಗೆ 'ವ್ಯಾಧಿಯಿಂದ ಕಾಪಾಡುವುದು' ಎಂದು ವ್ಯುತ್ಪತ್ತಿ ಹೇಳುವುದುಂಟು. ಯಾರನ್ನು ಕಾಪಾಡುವುದು ಎಂದು ಅವರು ಬಿಡಿಸಿ ಹೇಳಿಲ್ಲ. ಗಿಡ ಮೊದಲು ತನ್ನನ್ನೇ ಕಾಪಾಡಿಕೊಳ್ಳಲು ಮಾಡಿಕೊಂಡ ಏರ್ಪಾಡು ಅದು ಎಂಬುದನ್ನು ನಾವು ಮರೆಯಬಾರದು.

ಮರುಭೂಮಿಯ ಈ ಅಂಟು ನಮ್ಮ ಕನ್ನಡನಾಡಿನ ಬಾಳಿನೊಳಗೂ ಹೊಕ್ಕಿದೆ. ಉತ್ತರ ಕರ್ನಾಟಕದಲ್ಲಿ ವೀರಭದ್ರ ಮನೆದೇವರಾಗಿರುವ ಮನೆತನಗಳಲ್ಲಿ ಮದುವೆಯಂಥ ಶುಭಕಾರ್ಯದಲ್ಲಿ 'ಗುಗ್ಗಳ' ನಡೆಯುವುದನ್ನು ನಿಮ್ಮಲ್ಲಿ ಅನೇಕರು ಕಂಡಿರುತ್ತೀರಿ. ಉರಿಯುವ ಗುಗ್ಗಳದ ಕೊಡ ಹೊತ್ತು ಮೆರವಣಿಗೆ ಹೊರಡುತ್ತದೆ. ಪುರವಂತರು ಒಡಪು ಹೇಳುತ್ತ ಕುಣಿಯುತ್ತಾರೆ. ಸಮಾಳದ ಸದ್ದು ಓಣಿಯನ್ನೆಲ್ಲ ತುಂಬುತ್ತದೆ. ಧೂಪದ ಹೆಸರೇ ಅಲ್ಲಿ ಆಚರಣೆಯ ಹೆಸರಾಗಿದೆ. ಬಳ್ಳಾರಿಯಲ್ಲೋ ಧಾರವಾಡದಲ್ಲೋ ಮದುವೆಯ ಮನೆಯ ಅಜ್ಜಿ ಈ ಹೆಸರು ಹೇಳುವಾಗ, ಥಾರ್ ಮರುಭೂಮಿಯ ಎಲೆಯಿಲ್ಲದ ಒಂದು ಗಿಡದ ಹೆಸರನ್ನೂ ಹೇಳಿದಂತಾಯಿತು. ಅದು ಅವರಿಗೆ ತಿಳಿಯದು, ನನಗೂ ತಿಳಿದಿರಲಿಲ್ಲ.

ಈಗ ಹೊಸಕಾಲದ ಕಥೆ. 1966ರಲ್ಲಿ ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಿ. ವಿ. ಸತ್ಯವತಿ ಎಂಬ ಸಂಶೋಧಕಿ ಒಂದು ಪ್ರಬಂಧವನ್ನು ಸಲ್ಲಿಸಿದರು. ಸುಶ್ರುತನು ಹೇಳಿದ ಮೇದೋರೋಗದ ವಿವರಣೆಯನ್ನು ಅವರು ಹೊಸ ಕಣ್ಣಿನಿಂದ ಓದಿದರು. ಕೊಬ್ಬು ಸ್ರೋತಸ್ಸುಗಳನ್ನು ಕಟ್ಟಿ ಬೇನೆ ತರುತ್ತದೆಂಬ ಮಾತಿಗೂ, ಇಂದಿನ ವೈದ್ಯರು ರಕ್ತನಾಳಗಳಲ್ಲಿ ಕೊಲೆಸ್ಟರಾಲ್ ಸೇರಿ ಹೃದ್ರೋಗ ಬರುತ್ತದೆನ್ನುವ ಮಾತಿಗೂ ಹೋಲಿಕೆ ಕಂಡರು. ಕೊಬ್ಬು ತಿನ್ನಿಸಿದ ಮೊಲಗಳಿಗೆ ಗುಗ್ಗುಳ ಕೊಟ್ಟು ನೋಡಿದಾಗ ರಕ್ತದ ಕೊಲೆಸ್ಟರಾಲ್ ಇಳಿಯಿತು. ಹಳೆಯ ಗ್ರಂಥದ ಒಂದು ಮಾತನ್ನು ಪ್ರಯೋಗಶಾಲೆಗೆ ಒಯ್ದು ಒರೆಗೆ ಹಚ್ಚಿದ ಕೆಲಸಗಳಲ್ಲಿ ಇದು ಪ್ರಸಿದ್ಧವಾದದ್ದು. ಸತ್ಯವತಿಯವರು ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕರಾದರು. ಅಂಟಿನಲ್ಲಿರುವ ಗುಗ್ಗುಲ್‌ಸ್ಟೆರೋನ್ ಎಂಬ ದ್ರವ್ಯಗಳನ್ನು 1970ರ ದಶಕದ ಆರಂಭದಲ್ಲಿ ರಸಾಯನಶಾಸ್ತ್ರಜ್ಞರು ಬೇರ್ಪಡಿಸಿದರು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ನಡೆದ ಕೆಲಸದಿಂದ 1980ರ ದಶಕದಲ್ಲಿ 'ಗುಗ್ಗುಲಿಪಿಡ್' ಎಂಬ ಮಾತ್ರೆ ಮಾರುಕಟ್ಟೆಗೆ ಬಂತು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಬಹಳ ಚೆನ್ನಾಗಿರುತ್ತದೆ, ಆದರೆ ಅರ್ಧಸತ್ಯವಾಗುತ್ತದೆ. 2003ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದವರು 103 ಮಂದಿಯ ಮೇಲೆ ಎಂಟು ವಾರ ನಡೆಸಿದ ಪರೀಕ್ಷೆಯ ಫಲ ಪ್ರಕಟವಾಯಿತು. ಅದರಲ್ಲಿ ಗುಗ್ಗುಲಿಪಿಡ್ ಕೆಟ್ಟ ಕೊಲೆಸ್ಟರಾಲನ್ನು ಇಳಿಸಲಿಲ್ಲ, ಸ್ವಲ್ಪ ಏರಿಸಿತು. ಕೆಲವರ ಮೈಮೇಲೆ ದದ್ದೂ ಎದ್ದಿತು. ನಮ್ಮ ದೇಶದಲ್ಲಿ ನಡೆದ ಹಿಂದಿನ ಪರೀಕ್ಷೆಗಳು ಅನುಕೂಲವಾಗಿದ್ದವು, ಇದು ಪ್ರತಿಕೂಲವಾಯಿತು. ಊಟ ಬೇರೆ, ಮೈಕಟ್ಟು ಬೇರೆ, ಔಷಧ ತಯಾರಿಸಿದ ಬಗೆ ಬೇರೆ ಎಂದು ವಾದಿಸುವವರಿದ್ದಾರೆ. ವಾದ ಏನೇ ಇರಲಿ, ನಾವು ತಿಳಿಯತಕ್ಕದ್ದು ಇಷ್ಟು: ಹಳೆಯದೆಂಬ ಮಾತ್ರಕ್ಕೆ ಮದ್ದು ಎಲ್ಲರಿಗೂ ಆಗುವುದಿಲ್ಲ. ಗರ್ಭಿಣಿಯರು ಇದರಿಂದ ದೂರವಿರಬೇಕು. ರಕ್ತದೊತ್ತಡ, ಹೃದಯದ ಬೇನೆಗಳಿಗೆ ತೆಗೆದುಕೊಳ್ಳುವ ಕೆಲವು ಔಷಧಿಗಳ ಬಲವನ್ನು ಇದು ಕುಗ್ಗಿಸಬಲ್ಲದು. ಆದಕಾರಣ ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ನುಂಗುವ ಸಾಹಸ ಬೇಡ. ಬಗೆ, ವಯಸ್ಸು, ಶೋಧನ, ಪಥ್ಯ ಎಂದು ಇಷ್ಟೊಂದು ಕಟ್ಟಳೆ ಹಾಕಿದ ನಮ್ಮ ಹಿರಿಯರೂ ಹೇಳಿದ್ದು ಇದನ್ನೇ.

ಮಾತ್ರೆ ಬಂದ ಮೇಲೆ ಗಿಡದ ಗತಿ ಏನಾಯಿತು? ಕಥೆಯ ದುಃಖದ ಭಾಗ ಇದು. ಚಳಿಗಾಲದಿಂದ ಬೇಸಗೆಯ ಮೊದಲವರೆಗೆ ಕಾಂಡಕ್ಕೆ ಕಚ್ಚುಹಾಕಿ ಅಂಟು ಇಳಿಸುತ್ತಾರೆ. ಒಂದು ಗಿಡದಿಂದ ಒಂದು ಋತುವಿನಲ್ಲಿ ಸಿಗುವುದು ಕೆಲವು ನೂರು ಗ್ರಾಂ ಮಾತ್ರ. ಬೇಡಿಕೆ ಏರಿದಂತೆ ಈ ಕೆಲವು ನೂರು ಗ್ರಾಂ ಸಾಲದಾಯಿತು. ಕಚ್ಚಿನ ಗಾಯಕ್ಕೆ ಕುದುರೆಯ ಅಥವಾ ಕಾಡುಕತ್ತೆಯ ಮೂತ್ರ, ಮೈಲುತುತ್ತ, ಗುಗ್ಗುಳ ಇವನ್ನು ಕಲಸಿ ಬಳಿಯುವ ರೂಢಿ ಹಬ್ಬಿತು. ಹಾಗೆ ಬಳಿದರೆ ಅಂಟು ಹೆಚ್ಚು ಸುರಿಯುತ್ತದೆ. ಅಂಟು ಸುರಿಸಿದ ಗಿಡ ಸಾಮಾನ್ಯವಾಗಿ ಸಾಯುತ್ತದೆ. ಹತ್ತು ವರ್ಷ ಬೆಳೆದದ್ದು ಒಂದು ಋತುವಿನಲ್ಲಿ ಮುಗಿಯಿತು. ಹೀಗೆ ಮಾಡುವವರು ಬಹುಮಟ್ಟಿಗೆ ಬಡವರು, ಮಳೆ ಬಾರದ ಊರಿನ ಕುರಿಗಾಹಿಗಳು, ಕೂಲಿಗಳು. ಇಂದಿನ ರೊಟ್ಟಿಗೆ ದಾರಿಯಿಲ್ಲದವನಿಗೆ ಹತ್ತು ವರ್ಷದ ಮಾತು ಹೇಳುವುದು ಸುಲಭವಲ್ಲ. ತಪ್ಪನ್ನೆಲ್ಲ ಅವರ ತಲೆಗೆ ಕಟ್ಟಿ ಕೊಳ್ಳುವವರಾದ ನಾವು ಕೈತೊಳೆದುಕೊಳ್ಳುವಂತಿಲ್ಲ.

ಸತ್ತ ಗಿಡದ ಜಾಗದಲ್ಲಿ ಹೊಸದು ಹುಟ್ಟೀತೆಂದು ನೆಮ್ಮದಿಪಡುವಂತೆಯೂ ಇಲ್ಲ. ದೆಹಲಿ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞರು 1996ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಈ ಗಿಡದ ಗುಟ್ಟನ್ನು ಬಯಲುಮಾಡಿತು. ಅದರ ಕರ್ತೃಗಳಲ್ಲಿ ಒಬ್ಬರಾದ ಪ್ರೊಫೆಸರ್ ಎಚ್. ವೈ. ಮೋಹನರಾಮ್ ನಮ್ಮ ಮೈಸೂರಿನವರು, ಎಚ್. ವೈ. ಶಾರದಾಪ್ರಸಾದರ ಸೋದರರು. ಗುಗ್ಗುಳದಲ್ಲಿ ಗಂಡು ಗಿಡಗಳು ಬಹಳ ಅಪೂರ್ವ. ಹೆಣ್ಣು ಗಿಡಗಳು ಪರಾಗದ ಹಂಗಿಲ್ಲದೆ ತಾವೇ ಬೀಜ ಕಟ್ಟುತ್ತವೆ ಎಂದು ಅವರು ತೋರಿಸಿದರು. ಹಾಗೆ ಹುಟ್ಟಿದ ಮಕ್ಕಳೆಲ್ಲ ತಾಯಿಯ ಪಡಿಯಚ್ಚು. ಒಂದಕ್ಕೆ ತಾಳದ ಕೇಡು ಬಂದರೆ ಎಲ್ಲಕ್ಕೂ ತಾಳದು. ಬೀಜ ಮೊಳೆಯುವುದೂ ಕಡಮೆ. ಇಂಥ ಗಿಡವನ್ನು ಕಳೆಯುವುದು ಸುಲಭ, ಮರಳಿ ಪಡೆಯುವುದು ಕಷ್ಟ. ಪ್ರಪಂಚದ ಜೀವಿಗಳ ಅಳಿವು ಉಳಿವಿನ ಲೆಕ್ಕ ಇಡುವ ಅಂತಾರಾಷ್ಟ್ರೀಯ ಸಂಘದವರು 2015ರಲ್ಲಿ ಗುಗ್ಗುಳವನ್ನು ತಮ್ಮ ಕೆಂಪುಪಟ್ಟಿಯಲ್ಲಿ 'ಅಳಿವಿನ ಅಂಚಿನಲ್ಲಿರುವುದು' ಎಂಬ ಗುಂಪಿಗೆ ಸೇರಿಸಿದರು. ಆ ಪಟ್ಟಿಯಲ್ಲಿ ಇದರಾಚೆಗೆ ಉಳಿದಿರುವುದು ಕಾಡಿನಿಂದ ಅಳಿದದ್ದು, ಪೂರ್ತಿ ಅಳಿದದ್ದು ಎಂಬ ಎರಡೇ ಗುಂಪು.

ಆದರೂ ಕೈಚೆಲ್ಲಿ ಕೂಡುವ ಕಾಲ ಬಂದಿಲ್ಲ. ಬೀಜದಿಂದ ಬಾರದ ಗಿಡ ಕೊಂಬೆ ನೆಟ್ಟರೆ ಬರುತ್ತದೆ. ರಾಜಸ್ಥಾನ, ಗುಜರಾತುಗಳಲ್ಲಿ ಹಾಗೆ ನೆಟ್ಟು ಬೆಳೆಸುವ ಯತ್ನ ನಡೆದಿದೆ. ಜೋಧಪುರದ ಕೇಂದ್ರೀಯ ಶುಷ್ಕವಲಯ ಸಂಶೋಧನಾ ಸಂಸ್ಥೆಯವರು, ಗಾಯಕ್ಕೆ ಮೈಲುತುತ್ತದ ಲೇಪ ಬಳಿಯುವುದರ ಬದಲು ಇಥೆಫಾನ್ ಎಂಬ ದ್ರವ್ಯವನ್ನು ಅಳತೆಯಾಗಿ ಕೊಟ್ಟು ಅಂಟು ಹೆಚ್ಚಿಸುವ ಕ್ರಮವನ್ನು ಕಂಡುಹಿಡಿದರು. ಅದೂ ಅಳತೆ ತಪ್ಪಿದರೆ ಕೇಡೇ. ಯಾವ ಉಪಾಯಕ್ಕೂ ತಾಳ್ಮೆಯ ಬೆಂಬಲ ಬೇಕು. ಬಲಿಯದ ಗಿಡಕ್ಕೆ ಕಚ್ಚು ಹಾಕದಿರುವುದು, ಕಚ್ಚು ಹಾಕಿದ ಗಿಡಕ್ಕೆ ವಿಶ್ರಾಂತಿ ಕೊಡುವುದು, ಹಾಗೆ ಕಾದು ತೆಗೆದ ಅಂಟಿಗೆ ಕಾದಷ್ಟು ಬೆಲೆ ಸಿಗುವುದು ಇವು ಮೂರೂ ಕೂಡಿಬಂದರೆ ಗಿಡವೂ ಉಳಿದೀತು, ಅದನ್ನು ನಂಬಿದವರೂ ಉಳಿದಾರು.

ನಾವು ದೂರದವರು, ನಮ್ಮಿಂದೇನಾದೀತು ಎಂದು ನೀವು ಕೇಳಬಹುದು. ಕೆಂಡಕ್ಕೆ ಒಂದು ಹಿಡಿ ಹಾಕುವಲ್ಲಿ ಒಂದು ಚಿಟಿಕೆ ಹಾಕೋಣ, ದೇವರು ಬೇಸರಪಡಲಾರ. ಗುಗ್ಗುಳವೆಂದು ಅತಿ ಅಗ್ಗವಾಗಿ ಸಿಕ್ಕರೆ ಅದು ಗುಗ್ಗುಳವೇ ಎಂದು ಬೆಚ್ಚನೆಯ ನೀರಿನಲ್ಲಿ ಕದಡಿ ನೋಡೋಣ. ಮೈ ಇಳಿಸುವ ಆಸೆಗೆ ಮಾತ್ರೆ ತರುವ ಮೊದಲು ಸಂಜೆ ಎರಡು ಮೈಲಿ ನಡೆದು ನೋಡೋಣ. ಮನೆಯ ಮಕ್ಕಳು ಕೇಳಿದಾಗ, ಅದು ಅಂಗಡಿಯಿಂದ ಬಂತು ಎನ್ನದೆ ಗಿಡದಿಂದ ಬಂತು ಎನ್ನೋಣ.

ಇಂದಿಗೂ ನಾನು ಆ ಗಿಡವನ್ನು ಕಣ್ಣಾರೆ ಕಂಡಿಲ್ಲ. ಮರುದಿನ ತರಗತಿಗೆ ಅಂಗಡಿಯಿಂದ ತಂದ ಒಂದು ತುಂಡು ಗುಗ್ಗುಳವನ್ನು ಒಯ್ದಿದ್ದೆ. ಹುಡುಗರು ಕೈಯಿಂದ ಕೈಗೆ ದಾಟಿಸಿ ಮೂಸಿ ನೋಡಿದರು. ಪ್ರಶ್ನೆ ಕೇಳಿದ ಹುಡುಗ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಒಳಗೆ ಕಾಗದದಂಥ ತೊಗಟೆಯ ಒಂದು ಚೂರು ಸಿಕ್ಕಿಕೊಂಡಿತ್ತು. "ಸಾರ್, ಇದು ಆ ಗಿಡದ್ದೇ ಅಲ್ಲವೆ?" ಎಂದ. ಹೌದಪ್ಪ ಎಂದೆ. ಅಷ್ಟನ್ನು ಅಂದು ಅವನೂ ನಾನೂ ಜೊತೆಯಾಗಿ ಕಂಡೆವು. ಅವನು ದೊಡ್ಡವನಾಗಿ ಎಂದಾದರೂ ಆ ಕಡೆ ಹೋದಾಗ, ಕಲ್ಲುನೆಲದಲ್ಲಿ ಎಲೆಯಿಲ್ಲದೆ ನಿಂತ ಆ ಪೊದೆ ಅವನ ಕಣ್ಣಿಗೆ ಬೀಳುವಂತಿರಲಿ ಎಂಬುದೇ ನನ್ನ ಹಾರೈಕೆ.